ಇವತ್ತು ಯಾರು ಬಂದಿಲ್ಲ?

ಒಂದು ಕಾಡಿನಲ್ಲಿ ಒಂದು ಬಂಡೆ ಇತ್ತು. ಕಾಡಿನಲ್ಲಿ ಬಂಡೆ ಇರದೆ ಬಸ್ ಸ್ಟ್ಯಾಂಡ್ ಇರುತ್ತದೆಯೇ ಎಂದು ನಗಬೇಡಿ. ಈ ಬಂಡೆಯ ಕಥೆಯೇ ಬೇರೆ. ಅದು ಹಾಸಿದ ಚಾಪೆಯ ಹಾಗೆ ಚಪ್ಪಟೆಯಾಗಿತ್ತು. ಅದರ ಪಕ್ಕದಲ್ಲಿ ಒಂದು ಹಳೆಯ ಹುಣಸೆಮರ. ದಿನವೆಲ್ಲ ಬಿಸಿಲಿಗೆ ಕಾದ ಬಂಡೆ ಸಂಜೆಯಾದರೂ ಬೆಚ್ಚಗಿರುತ್ತಿತ್ತು. ಆ ಬಿಸಿಗೆ ಹೊಟ್ಟೆ ತಾಗಿಸಿ ಕೂತವರಿಗೆ ಎದ್ದು ಹೋಗಲು ಮನಸ್ಸೇ ಬರುತ್ತಿರಲಿಲ್ಲ.

ಹಾಗಾಗಿ ಸಂಜೆ ಹೊತ್ತಿಗೆ ಕಾಡಿನ ಪ್ರಾಣಿಗಳು ಅಲ್ಲಿಗೆ ಬಂದು ಸೇರುತ್ತಿದ್ದವು. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಅಲ್ಲಿ ಅಧ್ಯಕ್ಷರಿಲ್ಲ, ಭಾಷಣವಿಲ್ಲ, ಹಾರ ತುರಾಯಿಯಿಲ್ಲ. ಬರುವವರು ಬರುತ್ತಿದ್ದರು, ಹರಟೆ ಹೊಡೆಯುತ್ತಿದ್ದರು, ಹೊಟ್ಟೆ ಹಸಿದಾಗ ಎದ್ದು ಹೋಗುತ್ತಿದ್ದರು.

ಅಲ್ಲಿ ಒಂದು ರೂಢಿ ಮಾತ್ರ ಇತ್ತು. ಬಂಡೆ ಹತ್ತಿದವರು ಚೆನ್ನಾಗಿದ್ದೀಯಾ, ಊಟ ಆಯಿತಾ ಎಂದೆಲ್ಲ ಕೇಳುತ್ತಿರಲಿಲ್ಲ. ಚೆನ್ನಾಗಿರುವುದು ಕಣ್ಣಿಗೇ ಕಾಣುತ್ತಿತ್ತಲ್ಲ. ಅವರು ಮೊದಲು ಕೇಳುತ್ತಿದ್ದ ಮಾತು, "ಇವತ್ತು ಯಾರು ಬಂದಿಲ್ಲ?"

ಯಾರಾದರೂ ಬಂದಿಲ್ಲದಿದ್ದರೆ ಕತ್ತಲಾಗುವ ಮೊದಲು ಯಾರೋ ಒಬ್ಬರು ಎದ್ದು ಅವರ ಮನೆ ಕಡೆ ಹೋಗಿ ನೋಡಿಕೊಂಡು ಬರುತ್ತಿದ್ದರು. ಈ ರೂಢಿಯನ್ನು ಯಾರು ಶುರು ಮಾಡಿದರೋ ಯಾರಿಗೂ ನೆನಪಿರಲಿಲ್ಲ.

ಆ ಬಂಡೆಗೆ ತಪ್ಪದೆ ಬರುತ್ತಿದ್ದವರಲ್ಲಿ ಮುಳ್ಳುಹಂದಿ ಸಿದ್ದವ್ವ ಒಬ್ಬಳು. ತಪ್ಪದೆ ಬೈದುಕೊಂಡೇ ಬರುತ್ತಿದ್ದಳು. "ಥೂ, ಏನು ಕೆಲಸಕ್ಕೆ ಬಾರದ ಹರಟೆ. ನನ್ನ ಮಂಡಿನೋವಿನಲ್ಲಿ ಈ ದಿಬ್ಬ ಹತ್ತಿ ಬರಬೇಕು," ಎನ್ನುತ್ತಾ ಬಂದು ಬಂಡೆಯ ತುದಿಯಲ್ಲಿ ಕೂರುತ್ತಿದ್ದಳು. ತುದಿಯಲ್ಲಿ ಯಾಕೆಂದರೆ ಅವಳ ಬೆನ್ನ ಹಿಂದೆ ಯಾರೂ ಕೂರುವ ಹಾಗಿರಲಿಲ್ಲ. ಅಪ್ಪಿತಪ್ಪಿ ಕೂತವರು ಹಾರಿ ಎದ್ದಿದ್ದೂ ಉಂಟು.

ಅವಳ ಎದುರಿಗೆ, ಹುಣಸೆಯ ಬೇರಿನ ಪಕ್ಕದ ತಗ್ಗಿನಲ್ಲಿ ಆಮೆ ನಿಂಗಜ್ಜ ಕೂರುತ್ತಿದ್ದ. ಅಜ್ಜನ ಮನೆ ದೂರ. ಮಧ್ಯಾಹ್ನವೇ ಹೊರಟರೆ ಸಂಜೆಗೆ ಬಂದು ಮುಟ್ಟುತ್ತಿದ್ದ. ಬಂದವನೇ ಉಸಿರು ಬಿಟ್ಟು, ಕತ್ತು ಚಾಚಿ, "ಈ ಸಲ ಮಳೆ ತಡ," ಎನ್ನುತ್ತಿದ್ದ.

"ಬೇಗ," ಎನ್ನುತ್ತಿದ್ದಳು ಸಿದ್ದವ್ವ.

"ಮಣ್ಣಿನ ವಾಸನೆ ನೋಡಿದ್ದೀಯಾ? ತಡ."

"ನನ್ನ ಮಂಡಿ ಕೇಳು, ಹೇಳುತ್ತೆ. ಬೇಗ."

ಹೀಗೆ ಶುರುವಾದದ್ದು ಕತ್ತಲಾಗುವವರೆಗೂ ನಡೆಯುತ್ತಿತ್ತು. ಇಬ್ಬರೂ ಆಕಾಶ ನೋಡುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಮಳೆಯ ತೀರ್ಮಾನ ಮಾಡುತ್ತಿದ್ದರು. ಮಳೆ ಬಂದು ನಿಂತ ಮೇಲೂ ಅದು ಬೇಗ ಬಂತೋ ತಡವಾಗಿ ಬಂತೋ ಎಂದು ಮುಂದಿನ ಬೇಸಿಗೆಯವರೆಗೆ ಎಳೆದಾಡುತ್ತಿದ್ದರು. ಉಳಿದವರಿಗೆ ಅದೇ ಒಂದು ಮಜಾ.

ಮೊಲದ ಚೆನ್ನಿ ತನ್ನ ಮರಿಗಳ ಸೈನ್ಯ ಕಟ್ಟಿಕೊಂಡು ಬರುತ್ತಿದ್ದಳು. ಮುಂಗುಸಿ ಕೆಂಚಪ್ಪ ತಾನು ಹೊಡೆದ ಹಾವಿನ ಕಥೆ ಹೇಳುತ್ತಿದ್ದ. ಹಾವು ಒಂದೇ, ಆದರೆ ಕಥೆ ಹೇಳಿದಷ್ಟೂ ಅದು ಉದ್ದವಾಗುತ್ತಾ ಹೋಗುತ್ತಿತ್ತು. "ಕೆಂಚಪ್ಪ, ಹೋದ ವಾರ ಅದು ಈ ಬಂಡೆಯಷ್ಟಿತ್ತು, ಈಗ ಹಳ್ಳದವರೆಗೆ ಹೋಗಿದೆಯಲ್ಲೋ," ಎಂದು ಚೆನ್ನಿ ಕಾಲೆಳೆಯುತ್ತಿದ್ದಳು. ಕೆಂಚಪ್ಪನೂ ನಗುತ್ತಿದ್ದ. ಹುಣಸೆ ಕೊಂಬೆಯ ಮೇಲಿನ ಮೈನಾ ಎಲ್ಲರಿಗಿಂತ ಜೋರಾಗಿ ನಗುತ್ತಿತ್ತು.

ಈ ನಗು ಕೇಳಿದಾಗಲೆಲ್ಲ ಹೊಟ್ಟೆ ಉರಿದುಕೊಳ್ಳುವವನೊಬ್ಬನಿದ್ದ. ಅವನು ನರಿ ಹೊನ್ನಪ್ಪ. ಪಾಪ, ಅವನ ಹೊಟ್ಟೆ ಉರಿಯಲು ಹಸಿವೂ ಒಂದು ಕಾರಣವೇ. ಒಮ್ಮೆ ಚೆನ್ನಿಯ ಮರಿಯೊಂದು ಸಂಜೆ ಬಂಡೆಗೆ ಬಂದಿರಲಿಲ್ಲ. ಯಾರು ಬಂದಿಲ್ಲ ಎಂದು ಕೇಳಿದ್ದೇ ತಡ, ಎಲ್ಲರೂ ಎದ್ದು ಹುಡುಕಲು ಹೋದರು. ನೋಡಿದರೆ ಮರಿ ಒಂದು ಪೊದೆಯೊಳಗೆ ನಡುಗುತ್ತಾ ಕೂತಿದೆ, ಪೊದೆಯ ಬಾಯಲ್ಲಿ ಹೊನ್ನಪ್ಪ ಕೂತಿದ್ದಾನೆ.

"ದಾರಿ ತಪ್ಪಿತ್ತು ಪಾಪ. ನಾನೇ ಕರೆದುಕೊಂಡು ಬರೋಣ ಅಂತಿದ್ದೆ," ಎಂದ ಹೊನ್ನಪ್ಪ ಬಾಯಿ ಒರೆಸಿಕೊಂಡು. ಚೆನ್ನಿ ಮರಿಯನ್ನು ಕರೆದುಕೊಂಡು ಹೊರಟಳು. ಅವತ್ತಿನಿಂದ ಅವನ ಬೇಳೆ ಆ ಕಾಡಿನಲ್ಲಿ ಬೇಯಲಿಲ್ಲ. ಯಾರ ಮೇಲೆ ಕಣ್ಣು ಹಾಕಿದರೂ ಸಂಜೆಗೆ ಬಂಡೆಯ ಮೇಲೆ ಲೆಕ್ಕ ಸಿಗುತ್ತಿತ್ತು. ಹೊನ್ನಪ್ಪ ಕೂತು ಯೋಚಿಸಿದ. ಒಂಟಿಯಾಗಿ ಸಿಕ್ಕರೆ ಈ ಪ್ರಾಣಿಗಳು ತನಗೆ ಲೆಕ್ಕವಲ್ಲ. ತನ್ನ ದಾರಿಗೆ ಅಡ್ಡ ಬಿದ್ದಿರುವುದು ಆ ಬಂಡೆಯೇ. ಬಂಡೆಯನ್ನು ಎತ್ತಿ ಒಗೆಯಲಿಕ್ಕಂತೂ ಆಗದು. ಆದರೆ ಬಂಡೆಗೆ ಬರುವವರನ್ನು ಮನೆಯಲ್ಲೇ ಕೂರಿಸಬಹುದು.

ಮಾರನೆಯ ಸಂಜೆ ಅವನು ಬಂಡೆಗೆ ಬಂದು ಎಲ್ಲರಿಗೂ ಕೈಮುಗಿದ. ದೂರದಲ್ಲೇ, ನೆಲದ ಮೇಲೆ ಕೂತ.

"ನಿಮ್ಮನ್ನೆಲ್ಲ ನೋಡಿದರೆ ನನ್ನ ಕರುಳು ಚುರುಕ್ ಅನ್ನುತ್ತೆ," ಎಂದ. "ಸಿದ್ದವ್ವನವರಿಗೆ ಮಂಡಿನೋವು. ಅಜ್ಜನವರು ಅರ್ಧ ದಿನ ನಡೆದು ಬರ್ತಾರೆ. ಚೆನ್ನಮ್ಮನವರಿಗೆ ಮರಿಗಳ ಕಾಟ. ಇಷ್ಟೆಲ್ಲ ಒದ್ದಾಟ ಯಾತಕ್ಕೆ? ನಾಲ್ಕು ಸುದ್ದಿ ಕೇಳೋದಕ್ಕೆ ತಾನೇ? ನನಗೆ ಕಾಲು ಗಟ್ಟಿಯಿದೆ, ಕೆಲಸವಿಲ್ಲ. ಎಲ್ಲರ ಮನೆ ಬಾಗಿಲಿಗೂ ನಾನೇ ಬಂದು ಸುದ್ದಿ ಮುಟ್ಟಿಸ್ತೀನಿ, ಒಳಗೆ ಕಾಲಿಡಲ್ಲ. ನೀವು ಹೇಳಿದ್ದನ್ನ ಅವರಿಗೆ, ಅವರು ಹೇಳಿದ್ದನ್ನ ನಿಮಗೆ. ನೀವು ಆರಾಮಾಗಿ ಕಾಲು ಚಾಚಿ ಮನೇಲಿರಿ."

ಆ ಕಾಡಿನಲ್ಲಿ ಸಿದ್ದವ್ವನಿಗೆ ಅಲ್ಲಿಯವರೆಗೆ ಯಾರೂ ಬಹುವಚನ ಹಚ್ಚಿರಲಿಲ್ಲ. ಸಿದ್ದವ್ವನವರು ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಮುಳ್ಳುಗಳೆಲ್ಲ ಮೆತ್ತಗಾದವು. ಮಂಡಿಯೂ ಆಗಲೇ ಸ್ವಲ್ಪ ಜಾಸ್ತಿ ನೋಯತೊಡಗಿತು.

ನಿಂಗಜ್ಜ ಮಾತ್ರ ಕತ್ತು ಚಾಚಿ ನರಿಯನ್ನು ನೋಡಿದ. "ಸುದ್ದಿಯೇನೋ ತಂದುಕೊಡ್ತೀಯಪ್ಪ. ಜಗಳಕ್ಕೇನು ಮಾಡಲಿ?"

ಎಲ್ಲರೂ ನಕ್ಕರು. ಸಿದ್ದವ್ವ ಮೂಗು ಮುರಿದಳು. "ನಿನಗೆ ಮಾಡೋಕೆ ಕೆಲಸವಿಲ್ಲ ಅಜ್ಜ, ನೀನು ಬಾ. ನನಗಂತೂ ನಾಳೆಯಿಂದ ಈ ದಿಬ್ಬ ಹತ್ತೋ ಕರ್ಮವಿಲ್ಲ," ಎಂದಳು.

ಅಜ್ಜ ಕತ್ತನ್ನು ಸ್ವಲ್ಪ ಒಳಗೆ ಎಳೆದುಕೊಂಡ.

ಮೊದಮೊದಲು ಎಲ್ಲವೂ ಸೊಗಸಾಗಿತ್ತು. ಹೊನ್ನಪ್ಪ ಹೇಳಿದ ಹಾಗೆ ಮನೆ ಮನೆಗೆ ಬಂದ. ಅತ್ತಿಹಣ್ಣು ಎಲ್ಲಿ ಉದುರಿದೆ, ಯಾರ ಮರಿ ಕಣ್ಣು ಬಿಟ್ಟಿದೆ, ಎಲ್ಲ ನಿಜವಾದ ಸುದ್ದಿಯೇ. ಸಿದ್ದವ್ವ ಬಿಲದ ಬಾಗಿಲಲ್ಲಿ ಕಾಲು ಚಾಚಿ ಕೂತು ಗೆಣಸು ಕಡಿಯುತ್ತಾ ಕೇಳಿದಳು. ರಾಣಿಯ ಹಾಗಾಯಿತು ಅವಳಿಗೆ. "ಇಷ್ಟು ವರ್ಷ ಸುಮ್ಮನೆ ಒದ್ದಾಡಿದೆನಲ್ಲ," ಎಂದುಕೊಂಡಳು.

ಆಮೇಲೆ ಸುದ್ದಿಗೆ ಒಗ್ಗರಣೆ ಬೀಳತೊಡಗಿತು.

"ಹೇಳಬಾರದು, ಆದರೂ ಹೇಳ್ತೀನಿ," ಎಂದ ಹೊನ್ನಪ್ಪ ಒಂದು ದಿನ. "ಚೆನ್ನಮ್ಮನವರು ನಿಮ್ಮ ಬಗ್ಗೆ ಏನೇನೋ ಅಂದರು. ಆ ಮುದುಕಿ ನಡೆದ ದಾರಿಯಲ್ಲೆಲ್ಲ ಮುಳ್ಳು ಉದುರಿಸ್ತಾಳೆ, ನನ್ನ ಮರಿಗಳ ಕಾಲಿಗೆ ಚುಚ್ಚಲಿ ಅಂತಾನೇ ಉದುರಿಸ್ತಾಳೆ ಅಂದರು."

ಸಿದ್ದವ್ವನಿಗೆ ಮೈಯೆಲ್ಲ ಉರಿಯಿತು. ಬಂಡೆಯ ಮೇಲಾಗಿದ್ದರೆ ಆಗಿಂದಾಗಲೇ ಚೆನ್ನಿಯ ಮುಖಕ್ಕೇ ಕೇಳಿಬಿಡುತ್ತಿದ್ದಳು. ಚೆನ್ನಿ ಏನೋ ಹೇಳುತ್ತಿದ್ದಳು, ಇವಳೇನೋ ಬೈಯುತ್ತಿದ್ದಳು, ಹುಣಸೆಹಣ್ಣೊಂದು ತಲೆಯ ಮೇಲೆ ಬಿದ್ದು ಇಬ್ಬರೂ ನಗುವಲ್ಲಿಗೆ ಮುಗಿದುಹೋಗುತ್ತಿತ್ತು. ಆದರೆ ಮನೆಯಲ್ಲಿ ಒಬ್ಬಳೇ ಕೂತವಳು ಯಾರನ್ನು ಕೇಳಬೇಕು? ಕೋಪ ಹೊಟ್ಟೆಯಲ್ಲೇ ಉಳಿಯಿತು. ಉಳಿದದ್ದು ದಿನದಿಂದ ದಿನಕ್ಕೆ ಹುಳಿಯಿತು.

ಹೊನ್ನಪ್ಪ ಅಲ್ಲಿಂದ ನೆಟ್ಟಗೆ ಚೆನ್ನಿಯ ಬಳಿಗೆ ಹೋದ. "ನಿಮ್ಮ ಮರಿಗಳು ಗೆಣಸುಕಳ್ಳರಂತೆ. ಅವುಗಳ ಕಾಲಿಗೆ ಮುಳ್ಳು ಉದುರಿಸ್ತೀನಿ ಅಂತಲೂ ಸಿದ್ದವ್ವ ಹೇಳಿದಳು," ಎಂದ. ಕೆಂಚಪ್ಪನ ಬಳಿಗೆ ಹೋಗಿ, "ನಿಮ್ಮ ಹಾವಿನ ಕಥೆಗೆ ಬೆನ್ನ ಹಿಂದೆ ಎಲ್ಲರೂ ಕಿಸಿಕಿಸಿ ನಗ್ತಾರೆ," ಎಂದ. ಮುಖದ ಮುಂದೆಯೇ ನಗುತ್ತಿದ್ದರು ಎಂಬುದನ್ನು ಕೆಂಚಪ್ಪ ಮರೆತೇಬಿಟ್ಟ. ಮೈನಾಗೆ, "ನಿಮ್ಮ ದನಿ ಕೇಳಿದರೆ ತಲೆನೋವು ಬರುತ್ತಂತೆ," ಎಂದ. ಮೈನಾ ಮೌನವ್ರತ ಹಿಡಿಯಿತು.

ಹೀಗೆ ಒಬ್ಬೊಬ್ಬರಾಗಿ ಬಂಡೆಗೆ ಹೋಗುವುದನ್ನು ಬಿಟ್ಟರು. ದಾರಿಯಲ್ಲಿ ಒಬ್ಬರಿಗೊಬ್ಬರು ಎದುರಾದರೆ ಮುಖ ತಿರುಗಿಸಿಕೊಂಡು ಹೋದರು. ಬಂಡೆ ಪ್ರತಿ ಸಂಜೆ ಬೆಚ್ಚಗೆ ಕಾದುಕೊಂಡು ಸುಮ್ಮನೆ ಬಿದ್ದಿರುತ್ತಿತ್ತು.

ಸಿದ್ದವ್ವನಿಗೆ ಈಗ ಮಂಡಿನೋವು ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಕೂತು ಕೂತು ಸೊಂಟವೂ ಹಿಡಿದುಕೊಂಡಿತು. ಸಂಜೆಯಾದರೆ ಏನೋ ಮರೆತ ಹಾಗೆ ಬಿಲದ ಒಳಗೂ ಹೊರಗೂ ಓಡಾಡುತ್ತಿದ್ದಳು. "ಈ ಸಲ ಮಳೆ ಬೇಗ," ಎಂದು ಒಂದು ದಿನ ಗೋಡೆಗೆ ಹೇಳಿ ನೋಡಿದಳು. ಗೋಡೆ ಸುಮ್ಮನಿತ್ತು. ಗೋಡೆಯ ಮೇಲೂ ಅವಳಿಗೆ ಸಿಟ್ಟು ಬಂತು.

ಒಂದು ಮಧ್ಯಾಹ್ನ ಹೊನ್ನಪ್ಪ ಬಂದ. ಮುಖದಲ್ಲಿ ಏನೋ ಕಳೆ ಇತ್ತು.

"ನಿಂಗಜ್ಜ ಹೇಗಿದ್ದಾನೆ?" ಎಂದು ಸಿದ್ದವ್ವ ಕೇಳಿದಳು. ಕೇಳಬಾರದು ಎಂದುಕೊಂಡಿದ್ದಳು, ಆದರೂ ಬಾಯಿಗೆ ಬಂದುಬಿಟ್ಟಿತು. "ಒಂದು ಸಲ ಹೋಗಿ ನೋಡಿಕೊಂಡು ಬರೋಣ ಅಂತಿದ್ದೀನಿ."

"ಅಯ್ಯೋ, ನೀವ್ಯಾಕೆ ಅಷ್ಟು ದೂರ ನಡೀತೀರಿ?" ಎಂದ ಹೊನ್ನಪ್ಪ ಗಡಿಬಿಡಿಯಲ್ಲಿ. "ಅಜ್ಜನವರು ಚೆನ್ನಾಗಿದ್ದಾರೆ. ನಿಮಗೆ ಹೇಳಿಕಳಿಸಿದ್ದಾರೆ ಕೂಡ." ಹೇಳಿಕಳಿಸಿದ್ದು ಏನು ಎಂದು ಒಂದು ಗಳಿಗೆ ಯೋಚಿಸಿದ. ಮುದುಕಿಯನ್ನು ಮನೆಯಲ್ಲೇ ಕೂರಿಸಬೇಕಾದರೆ ಅವಳಿಗೆ ಇಷ್ಟವಾದದ್ದನ್ನೇ ಹೇಳಬೇಕು. "ಸಿದ್ದವ್ವ ಹೇಳಿದ್ದೇ ಸರಿ. ಈ ಸಲ ಮಳೆ ಬೇಗ ಬರುತ್ತೆ, ನಾನು ಒಪ್ಪಿಕೊಂಡೆ ಅಂತ ಹೇಳು, ಅಂದರು."

ಸಿದ್ದವ್ವನ ಮುಖ ಅರಳಿತು. ಗೆದ್ದೆ ಎಂದುಕೊಂಡಳು. ಎಷ್ಟೋ ಮಳೆಗಾಲದಿಂದ ನಡೆದು ಬಂದ ಜಗಳ, ಕೊನೆಗೂ ಮುದುಕ ಸೋತ. ಹೊನ್ನಪ್ಪನಿಗೆ ಒಂದು ಗೆಣಸು ಕೊಟ್ಟು ಕಳಿಸಿದಳು. ನರಿಗೆ ಗೆಣಸು ಸೇರದು. ಆದರೂ ಕಚ್ಚಿಕೊಂಡು ಹೋದ.

ಅವನು ಹೋದ ಮೇಲೆ ಗೆದ್ದ ಖುಷಿಯಲ್ಲಿ ಊಟಕ್ಕೆ ಕೂತಳು. ಗೆಣಸು ಸಪ್ಪೆಯಾಗಿತ್ತು. ಇನ್ನೊಂದು ತೆಗೆದುಕೊಂಡಳು. ಅದೂ ಸಪ್ಪೆ. ಅಜ್ಜ ಒಪ್ಪಿಕೊಂಡನಂತೆ ಎಂದು ಮತ್ತೆ ಮನಸ್ಸಿನಲ್ಲೇ ಹೇಳಿಕೊಂಡಳು. ಆಗ ಅವಳು ಗೆಣಸು ಕಡಿಯುವುದನ್ನು ನಿಲ್ಲಿಸಿದಳು.

ನಿಂಗಜ್ಜ ಒಪ್ಪಿಕೊಳ್ಳುವುದೇ? ಹೋದ ಮಳೆಗಾಲದಲ್ಲಿ ಜಡಿಮಳೆ ಸುರಿಯುತ್ತಿದ್ದಾಗ, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದಾಗ, ಇನ್ನೂ ಮಳೆ ಶುರುವಾಗಿಲ್ಲ ಎಂದು ವಾದ ಮಾಡಿದ ಮುದುಕ ಅವನು. ಜೀವ ಹೋದರೂ ಒಪ್ಪುವವನಲ್ಲ. ಅವನು ಒಪ್ಪಿದ ಎಂದರೆ ಏನೋ ಆಗಿದೆ. ಅಥವಾ ಅವನು ಈ ಮಾತು ಹೇಳಿಯೇ ಇಲ್ಲ.

ಸಿದ್ದವ್ವ ಕಚ್ಚಿದ ಗೆಣಸನ್ನು ಅಲ್ಲೇ ಬಿಟ್ಟು ಎದ್ದಳು. ಮಂಡಿನೋವು ನೆನಪಾಗಲಿಲ್ಲ. ದಿಬ್ಬ ಹತ್ತಿ ಬಂಡೆಗೆ ಬಂದಾಗ ಸೂರ್ಯ ಹುಣಸೆಮರದ ನೆತ್ತಿಯಿಂದ ಕೆಳಗಿಳಿದಿದ್ದ. ಬಂಡೆಯ ಮೇಲೆ ಯಾರೂ ಇರಲಿಲ್ಲ. ಅಜ್ಜ ಕೂರುತ್ತಿದ್ದ ತಗ್ಗಿನಲ್ಲಿ ಇಣುಕಿದಳು. ಅಲ್ಲಿ ಒಣಗಿದ ಹುಣಸೆ ಎಲೆ ತುಂಬಿಕೊಂಡಿತ್ತು. ಅದರ ಮೇಲೆ ಯಾರೂ ಕೂತ ಗುರುತಿರಲಿಲ್ಲ.

 ತನ್ನ ಹಳೆಯ ಜಾಗದಲ್ಲಿ ಕೂತಳು. ಬಂಡೆ ಬೆಚ್ಚಗಿತ್ತು. ದುಃಖಕ್ಕೋ ಸಿಟ್ಟಿಗೋ ಅವಳ ಮುಳ್ಳುಗಳೆಲ್ಲ ನಿಮಿರಿ ಗಲಗಲ ಎಂದವು. ಆ ಸಂಜೆ ಕಾಡಿನಲ್ಲಿ ಬೇರೆ ಸದ್ದೇ ಇರಲಿಲ್ಲವಾದ್ದರಿಂದ ಅದು ದೂರದವರೆಗೆ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಪೊದೆಯ ಹಿಂದಿನಿಂದ ಎರಡು ಕಿವಿ ಎದ್ದವು. ಚೆನ್ನಿ. ಮರಿಗಳನ್ನು ಹಿಂದೆ ನಿಲ್ಲಿಸಿ ಅವಳು ಮುಂದೆ ಬಂದಳು. "ಏನು, ನನ್ನ ಮರಿಗಳ ಕಾಲಿಗೆ ಮುಳ್ಳು ಉದುರಿಸೋಕೆ ಬಂದೆಯಾ?"

"ಉದುರಿಸ್ತೀನಿ ಅಂತ ನೀನೇ ತಾನೇ ಊರೆಲ್ಲ ಸಾರಿದ್ದು," ಎಂದಳು ಸಿದ್ದವ್ವ.

"ನಾನೆಲ್ಲಿ ಸಾರಿದೆ? ಮುಳ್ಳು ಉದುರಿಸ್ತೀನಿ ಅಂತ ನೀನೇ ಹೇಳಿಕೊಂಡು ತಿರುಗ್ತಿದ್ದೀಯ ಅಂತ ಹೊನ್ನಪ್ಪ ಹೇಳಿದ. ನನ್ನ ಮರಿಗಳನ್ನ ಗೆಣಸುಕಳ್ಳರು ಅಂದೆಯಂತೆ."

"ಗೆಣಸೇ? ಮೊಲದ ಮರಿಗಳು ನನ್ನ ಬಿಲಕ್ಕೆ ಬಂದು ಗೆಣಸು ಕದಿಯೋದಾ? ಹೊಕ್ಕರೆ ಹೊರಗೆ ಬರೋ ಮೊದಲು ಜರಡಿಯಾಗಿರ್ತಿದ್ದವು. ನಾನು ಯಾವಾಗ ಅಂದೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಮುಂಗುಸಿ ಕೆಂಚಪ್ಪ ಕಲ್ಲಿನ ಸಂದಿಯಿಂದ ತಲೆ ಹೊರಗೆ ಹಾಕಿದ. "ಹೊನ್ನಪ್ಪ ಹೇಳಿದ್ದಾ? ನನಗೂ ಅವನೇ ಹೇಳಿದ್ದು. ನೀವೆಲ್ಲ ನನ್ನ ಹಾವಿನ ಕಥೆಗೆ ನಗ್ತೀರಂತೆ."

"ನಗ್ತೀವಿ," ಎಂದಳು ಚೆನ್ನಿ. "ಯಾವಾಗಲೂ ನಕ್ಕಿದ್ದೀವಲ್ಲೋ. ನೀನೂ ನಗ್ತಿದ್ದೆ."

ಕೆಂಚಪ್ಪ ತಲೆ ಕೆರೆದುಕೊಂಡ. ಕೊಂಬೆಯ ಮೇಲಿನಿಂದ ಮೈನಾ ಮೌನವ್ರತ ಮುರಿದು ಕಿಸಕ್ಕನೆ ನಕ್ಕಿತು. ಆ ನಗು ಕೇಳಿ ಎಲ್ಲರಿಗೂ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಮರಿಗಳು ಒಂದೊಂದಾಗಿ ಬಂಡೆ ಹತ್ತಿ ತಮ್ಮ ತಮ್ಮ ಜಾಗದಲ್ಲಿ ಕೂತವು. ಕೂತದ್ದೇ, ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಅಭ್ಯಾಸಬಲದಿಂದ ಕೇಳಿತು, "ಇವತ್ತು ಯಾರು ಬಂದಿಲ್ಲ?"

ಎಲ್ಲರ ಕಣ್ಣೂ ಹುಣಸೆಬೇರಿನ ಪಕ್ಕದ ತಗ್ಗಿನ ಕಡೆ ಹೊರಳಿತು.

"ಅಜ್ಜ ನಾವೆಲ್ಲ ಬಿಟ್ಟ ಮೇಲೂ ಒಬ್ಬನೇ ಬಂದು ಇಲ್ಲಿ ಕೂರ್ತಿದ್ದ," ಎಂದಿತು ಮೈನಾ ಮೆಲ್ಲಗೆ. "ಮಳೆ ತಡ, ಮಳೆ ತಡ ಅಂತ ತನ್ನಷ್ಟಕ್ಕೇ ಹೇಳಿಕೊಳ್ತಿದ್ದ. ಈಚೆಗೆ ಬರ್ತಿಲ್ಲ. ನಾನು ಮಾತು ಬಿಟ್ಟಿದ್ದೆ, ಯಾರಿಗೂ ಹೇಳಲಿಲ್ಲ."

ಸಿದ್ದವ್ವ ಮನೆಯಲ್ಲಿ ಕಾಲು ಚಾಚಿ ಗೋಡೆಯ ಜೊತೆ ಮಾತಾಡುತ್ತಿದ್ದಾಗ ಅವನು ಇಲ್ಲಿ ಬಂಡೆಯ ಜೊತೆ ಮಾತಾಡುತ್ತಿದ್ದ. ಅರ್ಧ ದಿನ ನಡೆದು ಬಂದವನಿಗೆ ಎದುರಾಡಲು ಒಬ್ಬರಾದರೂ ಇರಲಿಲ್ಲ.

"ಹೊನ್ನಪ್ಪ ದಿನಾ ಒಣಹಳ್ಳದ ಕಡೆ ಹೋಗ್ತಾನೆ," ಎಂದ ಕೆಂಚಪ್ಪ ಇದ್ದಕ್ಕಿದ್ದ ಹಾಗೆ. "ನೀರಿಲ್ಲದ ಹಳ್ಳದಲ್ಲಿ ಅವನಿಗೇನು ಕೆಲಸ ಅಂತ ನಾನೂ ಯೋಚನೆ ಮಾಡ್ತಿದ್ದೆ."

"ಹಳ್ಳದ ಕಡೆಯಿಂದ ಟಕ್ ಟಕ್ ಅಂತ ಸದ್ದು ಬರುತ್ತೆ," ಎಂದಳು ಚೆನ್ನಿ. "ಮರಕುಟಿಗ ಅಂದುಕೊಂಡಿದ್ದೆ."

"ಹಳ್ಳದಲ್ಲಿ ಮರವೆಲ್ಲಿದೆ, ಬರೀ ಕಲ್ಲು," ಎಂದಿತು ಮೈನಾ.

ಒಬ್ಬೊಬ್ಬರ ಬಳಿ ಒಂದೊಂದು ತುಣುಕು ಇತ್ತು. ಬೇರೆ ಬೇರೆ ಮನೆಯಲ್ಲಿ ಇದ್ದಾಗ ಅದಕ್ಕೆ ಅರ್ಥವೇ ಇರಲಿಲ್ಲ. ಬಂಡೆಯ ಮೇಲೆ ಸೇರಿಸಿ ಇಟ್ಟಾಗ ಎಲ್ಲರಿಗೂ ಒಟ್ಟಿಗೇ ಹೊಳೆಯಿತು.  ಮೈನಾ ಮೇಲೆ ಹಾರಿತು, ಉಳಿದವರು ಕೆಳಗೆ ಓಡಿದರು. ಎಲ್ಲರಿಗಿಂತ ಮುಂದೆ ಮಂಡಿನೋವಿನ ಸಿದ್ದವ್ವ ಇದ್ದಳು.

ಹಳ್ಳದಲ್ಲಿ ಎರಡು ದೊಡ್ಡ ಕಲ್ಲುಗಳ ಸಂದಿಯಲ್ಲಿ ನಿಂಗಜ್ಜ ಅಂಗಾತ ಬಿದ್ದಿದ್ದ. ಬಂಡೆಗೆ ಒಬ್ಬನೇ ಬರುವಾಗ ಹೊನ್ನಪ್ಪ ಅವನನ್ನು ಮಗುಚಿ ಉರುಳಿಸಿಕೊಂಡು ಬಂದು ಅಲ್ಲಿ ಸಿಕ್ಕಿಸಿದ್ದ. ಅಜ್ಜ ತಲೆ, ಕಾಲು ಎಲ್ಲ ಒಳಗೆ ಎಳೆದುಕೊಂಡಿದ್ದ. ಚಿಪ್ಪು ಕಚ್ಚಿದರೆ ಹಲ್ಲು ಮುರಿಯುತ್ತದೆ. ಆದ್ದರಿಂದ ಹೊನ್ನಪ್ಪ ಕಾಯುತ್ತಿದ್ದ. ನೀರು ನೆರಳಿಲ್ಲದೆ ಒಣಗಿದ ಮೇಲೆ ಕತ್ತು ತಾನಾಗಿಯೇ ಹೊರಗೆ ಬೀಳುತ್ತದೆ. ಬಿತ್ತೇ ಎಂದು ನೋಡಲು ದಿನವೂ ಬಂದು ಚಿಪ್ಪನ್ನು ಟಕ್ ಟಕ್ ಎಂದು ಬಡಿಯುತ್ತಿದ್ದ. ಮುದುಕನ ಸರದಿ ಮುಗಿದ ಮೇಲೆ ಮೊಲದ ಮರಿಗಳು, ಯಾರು ಕೇಳುತ್ತಾರೆ ಎಂಬುದು ಅವನ ಲೆಕ್ಕ.

ಆಗಲೂ ಬಡಿಯುತ್ತಲೇ ಇದ್ದ. ತಲೆ ಎತ್ತಿದರೆ ಎದುರಿಗೆ ಚೆನ್ನಿ, ಅವಳ ಮರಿಗಳು, ಕೆಂಚಪ್ಪ.

"ಬಂದಿರಾ, ಒಳ್ಳೆಯದಾಯಿತು," ಎಂದ ಹೊನ್ನಪ್ಪ. "ಅಜ್ಜನವರು ಪಾಪ ಬಿದ್ದುಬಿಟ್ಟಿದ್ದಾರೆ. ನಾನೇ ಎತ್ತೋಣ ಅಂತಿದ್ದೆ."

"ನನ್ನ ಮರಿಗೂ ಹಿಂಗೇ ದಾರಿ ತೋರಿಸೋಕೆ ಬಂದಿದ್ದೆಯಲ್ಲ," ಎಂದಳು ಚೆನ್ನಿ.

"ನಗ್ತಾರೆ ಅಂದೆಯಲ್ಲ ಹೊನ್ನಪ್ಪ," ಎಂದು ಕೆಂಚಪ್ಪ ಹಲ್ಲು ತೋರಿಸುತ್ತಾ ಒಂದು ಹೆಜ್ಜೆ ಮುಂದೆ ಬಂದ. "ಈಗ ನಗು ನೋಡೋಣ."

ಹೊನ್ನಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಅವರು ಇನ್ನೂ ಮುಂದೆ ಬಂದರು. ಅವನು ಇನ್ನೂ ಹಿಂದೆ ಸರಿದ. ಹಿಂದೆ ಏನಿದೆ ಎಂದು ನೋಡಲಿಲ್ಲ. ಹಿಂದೆ, ಕಲ್ಲು ಬಳಸಿ ಬಂದ ಸಿದ್ದವ್ವ ಬೆನ್ನು ತಿರುಗಿಸಿ, ಮುಳ್ಳುಗಳನ್ನೆಲ್ಲ ನಿಮಿರಿಸಿ, ಬಾಗಿಲು ಹಾಕಿದ ಹಾಗೆ ನಿಂತಿದ್ದಳು.

ಆಮೇಲೆ ಎದ್ದ ಕೂಗು ಆ ಕಾಡಿನ ಆಚೆಯ ಕಾಡಿಗೂ ಕೇಳಿಸಿತಂತೆ. ಹೊನ್ನಪ್ಪ ಹಿಂಭಾಗದಲ್ಲಿ ಮುಳ್ಳುಗಳ ಒಂದು ಪೊರಕೆಯನ್ನೇ ಸಿಕ್ಕಿಸಿಕೊಂಡು, ಕುಪ್ಪಳಿಸುತ್ತಾ, ಕುಂಟುತ್ತಾ ಹಳ್ಳದ ಆಚೆಗೆ ಓಡಿಹೋದ.

ಕೆಂಚಪ್ಪ ಕಲ್ಲಿನ ಬುಡದ ಮರಳು ಕೆದರಿದ. ಚೆನ್ನಿ ಮತ್ತು ಮರಿಗಳು ಒಟ್ಟಾಗಿ ತಳ್ಳಿದರು. ನಿಂಗಜ್ಜ ಮೆಲ್ಲಗೆ ಮಗುಚಿ ನೆಟ್ಟಗಾದ. ಆದರೆ ಚಿಪ್ಪಿನೊಳಗಿಂದ ಏನೂ ಹೊರಗೆ ಬರಲಿಲ್ಲ. ಮೈನಾ ಒಂದು ಕಳ್ಳಿಹಣ್ಣು ಕಿತ್ತು ತಂದು ಚಿಪ್ಪಿನ ಬಾಯಲ್ಲಿ ಹಿಂಡಿತು. ಸಿದ್ದವ್ವನಿಗೆ ಹತ್ತಿರ ಹೋಗಲು ಭಯ. ಹೋದರೆ ಚುಚ್ಚುತ್ತದೆ. ದೂರದಲ್ಲೇ ನಿಂತು ಬೈಯತೊಡಗಿದಳು. "ಏ ಮುದುಕಾ, ಎಷ್ಟು ಹೊತ್ತು ನಾಟಕ ಆಡ್ತೀಯ? ಮನೇಲಿ ಗೆಣಸು ಬಿಟ್ಟು ಬಂದಿದ್ದೀನಿ. ಕತ್ತು ಆಚೆ ಹಾಕು. ನಿನ್ನ ಕಾಲಿಗೆ ಬೀಳ್ತೀನಿ, ಹಾಕು." ಬೈಯುತ್ತಾ ಬೈಯುತ್ತಾ ಅಳು ಬಂತು.

ಚಿಪ್ಪಿನೊಳಗೆ ಏನೋ ಅಲ್ಲಾಡಿತು. ಸುಕ್ಕುಗಟ್ಟಿದ ಕತ್ತು ಇಷ್ಟಿಷ್ಟೇ ಹೊರಗೆ ಬಂತು. ನಿಂಗಜ್ಜ ಕಳ್ಳಿಹಣ್ಣಿನ ರಸ ಚಪ್ಪರಿಸಿದ. ಕಣ್ಣು ತೆರೆದು ಸಿದ್ದವ್ವನನ್ನು ನೋಡಿದ.

"ಈ ಸಲ ಮಳೆ... ತಡ," ಎಂದ.

"ಬೇಗ," ಎಂದಳು ಸಿದ್ದವ್ವ ಮೂಗು ಒರೆಸಿಕೊಂಡು. ಇಡೀ ಹಳ್ಳವೇ ನಕ್ಕಿತು.

ಮಾರನೆಯ ದಿನದಿಂದ ಬಂಡೆ ಮತ್ತೆ ತುಂಬಿತು. ಅಜ್ಜನನ್ನು ದಿನವೂ ನಡೆಸುವುದು ಬೇಡವೆಂದು ಎಲ್ಲರೂ ಸೇರಿ ಹುಣಸೆಮರದ ಬುಡದಲ್ಲೇ ಅವನಿಗೊಂದು ಗುಂಡಿ ತೋಡಿಕೊಟ್ಟರು. ಕೆಂಚಪ್ಪನ ಹಾವು ಹಳ್ಳ ದಾಟಿ ಆಚೆಯ ಗುಡ್ಡ ಹತ್ತಿತು.

ಒಂದು ಸಂಜೆ ಹೊನ್ನಪ್ಪ ಕುಂಟುತ್ತಾ ಬಂದು ಬಂಡೆಯ ಕೆಳಗೆ ನಿಂತ. ಮೈ ಇಳಿದು ಅರ್ಧವಾಗಿದ್ದ. ಮುಳ್ಳುಗಳು ಇನ್ನೂ ಹಾಗೇ ಇದ್ದವು. ಬೆನ್ನ ಹಿಂದಿನ ಮುಳ್ಳನ್ನು ತಾನೇ ಕಿತ್ತುಕೊಳ್ಳಲು ಬಾಯಿ ಮುಟ್ಟಿರಲಿಲ್ಲ. ಕಿತ್ತುಕೊಡು ಎಂದು ಕೇಳೋಣವೆಂದರೆ ಅವನಿಗೆ ತನ್ನವರು ಎನ್ನುವವರು ಯಾರೂ ಇರಲಿಲ್ಲ. ಕಾಡೆಲ್ಲ ಸುದ್ದಿ ಹೊತ್ತು ತಿರುಗಿದ್ದವನಿಗೆ ತನ್ನ ಸುದ್ದಿ ಹೇಳಿಕೊಳ್ಳಲು ಒಂದು ಬಾಗಿಲೂ ಉಳಿದಿರಲಿಲ್ಲ.

"ಸಿದ್ದವ್ವನವರೇ," ಎಂದ ಕ್ಷೀಣವಾಗಿ.

"ಅವರು ಗಿವರು ಬೇಡ. ಆ ಮಾತಿಗೇ ನಾನು ಹಾಳಾಗಿದ್ದು," ಎಂದಳು ಸಿದ್ದವ್ವ. "ತಿರುಗಿ ನಿಲ್ಲು." ಕೆಂಚಪ್ಪ ಒಂದೊಂದೇ ಮುಳ್ಳು ಕಿತ್ತ. ಕಿತ್ತಾಗಲೆಲ್ಲ ಹೊನ್ನಪ್ಪ ಕುಂಯ್ ಎಂದ. ಮೊಲದ ಮರಿಗಳು ಕೂತು ಮನಸಾರೆ ನೋಡಿದವು.

ಮುಗಿದ ಮೇಲೆ ಅವನು ಮೆಲ್ಲಗೆ ಹೊರಡಲು ನೋಡಿದ. "ಎಲ್ಲಿಗೆ?" ಎಂದಳು ಸಿದ್ದವ್ವ. "ಇಲ್ಲಿ ಕೂರು, ನಡುವೆ, ಎಲ್ಲರಿಗೂ ಕಾಣೋ ಹಾಗೆ. ದಿನಾ ಬರಬೇಕು. ಒಂದು ಸಂಜೆ ನೀನು ತಪ್ಪಿಸಿಕೊಂಡರೂ ಯಾರು ಬಂದಿಲ್ಲ ಅಂತ ಕೇಳ್ತೀವಿ. ಕೇಳಿದ ಮೇಲೆ ಎಲ್ಲರೂ ಎದ್ದು ಹುಡುಕಿಕೊಂಡು ಬರ್ತೀವಿ. ನಾನು ಬೆನ್ನು ತಿರುಗಿಸಿಕೊಂಡೇ ಬರ್ತೀನಿ."

ಹೊನ್ನಪ್ಪ ಬಾಲ ಮುದುಡಿಕೊಂಡು ನಡುವೆ ಕೂತ. ಬಂಡೆ ಬೆಚ್ಚಗಿತ್ತು. ಅವನಿಗೆ ಅದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಒಂದು ಹನಿ ಬಂದು ನಿಂಗಜ್ಜನ ಚಿಪ್ಪಿನ ಮೇಲೆ ಬಿತ್ತು. ಇನ್ನೊಂದು ಬಿತ್ತು. ಬಿಸಿ ಬಂಡೆಯಿಂದ ಘಮ್ಮೆಂದು ವಾಸನೆ ಎದ್ದಿತು. ಎಲ್ಲರೂ ಉಸಿರು ಹಿಡಿದು ಅಜ್ಜನನ್ನು ನೋಡಿದರು. ಸಿದ್ದವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾದಳು.

ಅಜ್ಜ ಆಕಾಶ ನೋಡಿದ. ಬಂಡೆ ನೋಡಿದ. ಸಿದ್ದವ್ವನ ಮುಖ ನೋಡಿದ.

"ಇದು ಮಳೆಯಲ್ಲ," ಎಂದ. "ಮೈನಾ ಸ್ನಾನ ಮಾಡಿ ರೆಕ್ಕೆ ಒದರಿದ್ದು."

ಆ ಸಂಜೆ ಮಳೆಯಲ್ಲಿ ನೆಂದು ತೊಪ್ಪೆಯಾದರೂ ಬಂಡೆಯಿಂದ ಒಬ್ಬರೂ ಏಳಲಿಲ್ಲ.

ನೀತಿ: ಕೆಲಸಕ್ಕೆ ಬಾರದ ಹರಟೆ ಎಂದು ಕೂಡಿ ಕೂರುವ ಜಾಗವನ್ನು ಬಿಡಬೇಡಿ, ನಾವು ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವವರು ಅಲ್ಲಿರುವವರೆಗೆ ಚಾಡಿಕೋರನ ಆಟ ನಡೆಯದು.